ದಿಂಬಿನ ಬಳಿ ಇಟ್ಟ ಚಹಾ

ಪಾಂಗ್ ಲೋಮ್, ಶಾನ್ ಬೆಟ್ಟ
ನೀರೆರಚುವ ಹಬ್ಬ ಕಳೆದ ವಾರ

ಪ್ರೀತಿಯ ಮಗಳು ಲ್ವೇ ಖಮ್‌ಗೆ,

ನಿನಗೂ, ನಿನ್ನನ್ನು ಕರೆದುಕೊಂಡು ಹೋದ ಆ ಧೈರ್ಯವಂತನಿಗೂ ಅವ್ವನ ಹಾರೈಕೆ. ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ತಪ್ಪು ನಿನ್ನದೇ. ವರ್ಷದ ಮೊದಲ ಚಿಗುರು ಬರುವ ವಾರ ನೋಡಿಕೊಂಡೇ ಓಡಿಹೋಗಬೇಕಿತ್ತೇ? ನಿನ್ನ ಪಾಲಿನ ಗಿಡಗಳನ್ನೂ ನಾನೇ ಕೊಯ್ದೆ. ಬೆರಳೆಲ್ಲ ಕಪ್ಪಾಗಿ, ಮುಟ್ಟಿದ ಕಾಗದಕ್ಕೆಲ್ಲ ಕಲೆ. ನಿನ್ನಪ್ಪನ ಮೊದಲ ಸಿಟ್ಟೂ ಅದೇ. "ಮಳೆಗಾಲದ ಎಲೆ ಬರೋವರ್ಗಾದ್ರೂ ತಡ್ಕೋಬಾರ್ದಿತ್ತಾ? ಆಗ ಬೇಕಾದ್ರೆ ಊರಿಗೂರೇ ಓಡ್ಹೋಗ್ಲಿ" ಎಂದರು.

ಈಗ ನೀನು ಉಸಿರು ಬಿಗಿಹಿಡಿದು ಕಾಯುತ್ತಿರುವ ಸುದ್ದಿ. ನೀನು ದಿಂಬಿನ ಬಳಿ ಇಟ್ಟುಹೋದ ನಿನ್ನ ಹುಡುಗನ ಚಹಾ ಪೊಟ್ಟಣ ಹಿಂದಿರುಗಿ ಬರುವುದಿಲ್ಲ. ಅದನ್ನು ನಾನು ಕುಡಿದುಬಿಟ್ಟೆ.

ನಗಬೇಡ. ಬೆಳಗ್ಗೆ ನಿನ್ನನ್ನು ಎಬ್ಬಿಸಲು ಬಂದರೆ ಹಾಸಿಗೆ ಖಾಲಿ, ದಿಂಬಿನ ಪಕ್ಕ ಚಹಾ. ಇವಳು ಆಗಲೇ ತೋಟಕ್ಕೆ ಹೋಗಿದ್ದಾಳೆ, ನನಗೆ ರುಚಿ ನೋಡಲು ಹೊಸ ಎಲೆ ಇಟ್ಟಿದ್ದಾಳೆ ಎಂದುಕೊಂಡೆ. ಓಡಿಹೋಗುವ ಹುಡುಗಿಯರು ಪೊಟ್ಟಣಕ್ಕೆ ಕಟ್ಟುವ ಕೆಂಪು ದಾರ ಆ ಮಬ್ಬಿನಲ್ಲಿ ಕಾಣಲಿಲ್ಲ. ಒಲೆ ಹೊತ್ತಿಸಿ ನೀರಿಟ್ಟೆ.

ಮಗಳೇ, ಎಂಥ ಚಹಾ ಅದು. ಚಳಿಗಾಲವಿಡೀ ಗಿಡ ಒಳಗೊಳಗೇ ಕೂಡಿಟ್ಟುಕೊಂಡದ್ದೆಲ್ಲ ಮೊದಲ ಚಿಗುರಿನಲ್ಲಿ ಹೊರಬರುತ್ತದೆ. ಮಳೆ ಹಿಡಿದರೆ ಮುಗಿಯಿತು, ಎಲೆ ದಪ್ಪಗಾಗಿ ರುಚಿ ನೀರು ನೀರು. ಆದರೆ ಇದು ನಮ್ಮ ತೋಟದ್ದಲ್ಲ. ಬಿಸಿಲು ತಡವಾಗಿ ತಲುಪುವ ಯಾವುದೋ ಮೇಲಿನ ಇಳಿಜಾರಿನದು. ಮೊದಲು ಸಣ್ಣ ಒಗರು, ಆಮೇಲೆ ಗಂಟಲಲ್ಲಿ ನಿಧಾನವಾಗಿ ಸಿಹಿ. ಹುರಿದವನು ಅವಸರ ಮಾಡಿಲ್ಲ, ಕೈಯಲ್ಲಿ ಉಜ್ಜುವಾಗ ಒಂದು ಚಿಗುರನ್ನೂ ಮುರಿದಿಲ್ಲ. ಇದನ್ನು ಮಾಡಿದವನು ಯಾರೇ ಇರಲಿ, ಮನೆಯಲ್ಲಿ ಕೂಗಾಡುವವನಲ್ಲ ಎಂದುಕೊಂಡು ಎರಡನೇ ಬಟ್ಟಲೂ ಬಗ್ಗಿಸಿಕೊಂಡೆ.

ಅಷ್ಟರಲ್ಲಿ ನಿನ್ನಪ್ಪ ಎದ್ದು ಬಂದು ಒಲೆಯ ಬಳಿ ದಾರ ನೋಡಿದರು. ಆಮೇಲೆ ಕೇಳಬೇಕೇ? ಹುಡುಗ ಯಾರು, ಯಾವ ಗುಡ್ಡದವನು, ನನ್ನನ್ನೊಂದು ಮಾತು ಕೇಳಿದರಾ ಎಂದು ಕೋಳಿಗಳೆಲ್ಲ ಅಟ್ಟದ ಕೆಳಗೆ ಅವಿತುಕೊಳ್ಳುವ ಹಾಗೆ ಕೂಗಾಡಿದರು. ಪೊಟ್ಟಣ ವಾಪಸು ಕಳಿಸಿ ಮದುವೆ ನಿಲ್ಲಿಸಿಯೇ ತೀರುತ್ತೇನೆ ಎಂದು ಊರ ಹಿರಿಯ ಖುನ್ ತಾತನ ಮನೆಗೆ ಹೊರಟರು. ನಾನೂ ಹಿಂದೆಯೇ ಹೋದೆ. ತಾತ ಎಲ್ಲ ಕೇಳಿಸಿಕೊಂಡು ಪೊಟ್ಟಣ ಎಲ್ಲಿ ಎಂದು ಕೇಳಿದರು.

"ಇವ್ಳು ಕುಡ್ದ್‌ಬಿಟ್ಳು ತಾತ" ಎಂದರು ನಿನ್ನಪ್ಪ.

ತಾತ ನನ್ನ ಕಡೆ ತಿರುಗಿದರು. "ಚೆನ್ನಾಗಿತ್ತೇನಮ್ಮಾ?"

"ತುಂಬಾ ಚೆನ್ನಾಗಿತ್ತು ತಾತ."

"ಮತ್ತೆ ವಾಪಸ್ ಕೊಡೋಕೆ ನಿನ್ಹತ್ರ ಏನೈತಯ್ಯಾ? ಮನೆಯವ್ರು ಕುಡಿದ್ರೆ ಒಪ್ಕೊಂಡಂಗೆ. ಹೋಗು, ಮದ್ವೆ ಊಟಕ್ಕೆ ಹಂದಿ ನೋಡು."

ದಾರಿಯುದ್ದಕ್ಕೂ ನಿನ್ನಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಸಂಜೆ ಮಾತ್ರ ಆ ಎಲೆ ಉಳಿದಿದೆಯಾ ಎಂದು ಗೋಡೆಯನ್ನು ನೋಡುತ್ತ ಕೇಳಿದರು. ಅದೇ ಎಲೆಗೆ ಮತ್ತೆ ನೀರು ಹಾಕಿ ಕೊಟ್ಟೆ. ಕುಡಿದು ಬಟ್ಟಲು ಚಾಚಿದರು. ಇನ್ನೊಮ್ಮೆ ಚಾಚಿದರು. ಆಮೇಲೆ, "ಮಳೆ ನಿಂತ್ಮೇಲೆ ಬರೋ ಎಲೆನೂ ಹಿಂಗೇ ಮಾಡ್ತಾನಾ ಅವ್ನು?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಈಗ ಕಂಡಕಂಡವರಿಗೆಲ್ಲ ಅಳಿಯನ ಚಹಾದ ವರ್ಣನೆ ನಡೆದಿದೆ.

ಮಳೆ ಹಿಡಿಯುವ ಮೊದಲು ಇಬ್ಬರೂ ಬನ್ನಿ. ನಿಮ್ಮ ಒಲೆ ಆರದಿರಲಿ, ಪ್ರತಿ ಚಿಗುರಿನ ಕಾಲಕ್ಕೂ ನಿಮ್ಮ ಮನೆಯಲ್ಲಿ ನಗು ಇರಲಿ.

ನಿನ್ನ ಅವ್ವ

ಇನ್ನೊಂದು ಮಾತು. ಮೇಲೆ ಬರೆದದ್ದನ್ನು ನಿನ್ನಪ್ಪ ಓದಿ, ತೋಟಕ್ಕೆ ಹೋದರು. ಇದು ನಿನಗೊಬ್ಬಳಿಗೆ. ಕೆಂಪು ದಾರ ನನಗೆ ಕಂಡಿತ್ತು. ಗೊತ್ತಿದ್ದೇ ಬಿಚ್ಚಿದೆ, ಅವರು ಏಳುವ ಮೊದಲು ಕುಡಿಯಬೇಕಿತ್ತು. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಪೊಟ್ಟಣ ಇಟ್ಟು ಹೋಗಿದ್ದೆ. ನಿನ್ನಪ್ಪನ ಜೊತೆಗಲ್ಲ. ನನ್ನ ಅವ್ವ ಅದನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದಳು, ನಾನು ಮನೆಗೆ ಬರಬೇಕಾಯಿತು. ನಿನ್ನಪ್ಪ ಒಳ್ಳೆಯವರು, ನನಗೇನೂ ಕೊರತೆಯಾಗಿಲ್ಲ. ಆದರೂ ಪ್ರತಿ ವರ್ಷ ಮೊದಲ ಚಿಗುರಿನ ಚಹಾ ಬಾಯಿಗಿಟ್ಟಾಗ ಅವನು ನೆನಪಾಗುತ್ತಾನೆ. ಅವನು ಮಾಡಿದ್ದು ಹೇಗಿತ್ತೋ, ನಮ್ಮ ಮನೆಯಲ್ಲಿ ಯಾರೂ ಕುಡಿದು ನೋಡಲೇ ಇಲ್ಲ.