ಹಿಮದಲ್ಲಿ ಸಿಕ್ಕ ಬೋಲ್ಟು

ಡಿಸೆಂಬರ್ 27, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತ ತಂಗಿಯನ್ನು ಬೈದುಕೊಂಡೇ ಓದು, ಆದರೆ ಕೊನೆಯವರೆಗೆ ಓದು. ಭಾವನ ಮಂಡಿನೋವು ಹೇಗಿದೆ? ನಾವಿಲ್ಲಿ ಚೆನ್ನಾಗಿದ್ದೇವೆ. ಹೀಗೆ ಬರೆದು ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದೆ. ಇರಲಿ, ಹೊಡೆದು ಹಾಕುವುದಿಲ್ಲ.

ರಜೆಯ ಆಟ ಶುರುವಾಗಿದೆ. ವರ್ಷವಿಡೀ ನಮ್ಮ ಬ್ಯಾಲೆ ಕಂಪನಿಯ ಕಡೆ ತಲೆ ಹಾಕದವರೂ ಈ ದಿನಗಳಲ್ಲಿ ಅಜ್ಜಿ, ಮೊಮ್ಮಕ್ಕಳು, ಕೈಗೂಸು ಸಮೇತ ಬರುತ್ತಾರೆ. ನಮ್ಮೆಲ್ಲರ ವರ್ಷದ ಅನ್ನ ಇದರಲ್ಲೇ. ಕಥೆ ಪ್ರತಿ ಸಲದ್ದೇ: ಹಿಮದ ಊರಿನ ಹುಡುಗಿ ಚಂದ್ರನ ಮೇಲೆ ಕೂತು ಆಕಾಶಕ್ಕೆ ಏರುತ್ತಾಳೆ, ಸುತ್ತಲೂ ಕಾಗದದ ಹಿಮ ಸುರಿಯುತ್ತದೆ. ಈ ಸಲ ಆ ಹುಡುಗಿ ನನ್ನ ಚಿನ್ನು. ತೆರೆಯ ಹಿಂದೆ ಮಕ್ಕಳನ್ನೆಲ್ಲ ನೋಡಿಕೊಳ್ಳುವವಳು ನಾನಾದ್ದರಿಂದ ಮಗಳಿಗೆ ವಶೀಲಿ ಮಾಡಿದೆನೆಂದು ಯಾರೋ ಆಡಿಕೊಂಡರಂತೆ. ಇಲ್ಲ ಅಕ್ಕ, ಮಾಡಿರಲಿಲ್ಲ.

ಆ ಹಿಮವನ್ನು ನಾವು ಎಸೆಯುವುದಿಲ್ಲ. ಆಟ ಮುಗಿದ ಮೇಲೆ ಗುಡಿಸಿ, ಜರಡಿ ಹಿಡಿದು, ಮತ್ತೆ ಚೀಲಕ್ಕೆ ತುಂಬಿ ರಂಗದ ನೆತ್ತಿಯ ಮೇಲೆ ಕಟ್ಟುತ್ತೇವೆ. ಅದಕ್ಕೂ ಮೊದಲು ಮಕ್ಕಳು ಅಯಸ್ಕಾಂತ ಹಿಡಿದು ಆ ರಾಶಿಯಲ್ಲಿ ಬೇಟೆಯಾಡುತ್ತಾರೆ. ಹೇರ್‌ಪಿನ್ನು, ಗುಂಡುಸೂಜಿ, ಕೊಕ್ಕೆ ಸಿಗುತ್ತವೆ. ಹೆಚ್ಚು ಹಿಡಿದವರಿಗೆ ಚಾಕೊಲೇಟು. ಮೊನ್ನೆ ಚಿನ್ನು ಹಿಡಿದದ್ದು ನನ್ನ ಹೆಬ್ಬೆರಳಿನಷ್ಟು ದಪ್ಪದ ಬೋಲ್ಟು. "ಅಮ್ಮಾ, ತಿಮಿಂಗಿಲ!" ಎಂದು ಕುಣಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ತಲೆ ಎತ್ತಿ ನೋಡಿದೆ. ಅಲ್ಲಿ ಮೇಲೆ ಅಷ್ಟು ದಪ್ಪದ ಬೋಲ್ಟು ಹಿಡಿಸುವ ಜಾಗ ಒಂದೇ, ಚಂದ್ರನನ್ನು ಎತ್ತುವ ಕಬ್ಬಿಣದ ಚೌಕಟ್ಟು.

ಮ್ಯಾನೇಜರ್ ಬಳಿ ಒಯ್ದೆ. ಅಂಗೈಯಲ್ಲಿ ಉರುಳಿಸಿ ನೋಡಿದರು. "ಇದು ಯಾವ ಕಾಲದ್ದೋ ಮೇಡಂ. ಚೀಲದಲ್ಲೇ ಇತ್ತೇನೋ."

"ಒಂದ್ಸಲ ಇಳಿಸಿ ನೋಡಿಸಬಹುದಲ್ವಾ?"

"ಇಳಿಸೋಕೆ ಆಟ ನಿಲ್ಲಿಸ್ಬೇಕು. ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ. ನೀವು ಹೇಳಿದ್ರಿ ಅಂತ ಹೇಳಿ ನಿಲ್ಲಿಸ್ಲಾ?"

ಬೋಲ್ಟನ್ನು ಅವರ ಕೈಯಲ್ಲೇ ಬಿಟ್ಟು ಹೊರಗೆ ಬಂದೆ. ಒಪ್ಪಿಯೋ, ಹೆದರಿಯೋ, ಇನ್ನೂ ಕೇಳಿಕೊಳ್ಳುತ್ತಿದ್ದೇನೆ. ನಿನ್ನೆಯ ಆಟದಲ್ಲಿ ಚಂದ್ರ ಏರುತ್ತಾ ಏರುತ್ತಾ ಒಂದು ಕಡೆ ವಾಲಿತು. ನಿಂತಿತು. ಮತ್ತೆ ಏರಿತು. ಅದೂ ಆಟದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮೇಲಿನಿಂದ ಚಿನ್ನು ನನ್ನನ್ನೇ ಹುಡುಕುತ್ತಿದ್ದಳು.

ಇವತ್ತು ಬೆಳಿಗ್ಗೆಯಿಂದ ಅವಳಿಗೆ ಜ್ವರ. ಕಂಪನಿಗೆ ಫೋನ್ ಮಾಡಿ ತಿಳಿಸಿ ಇಬ್ಬರೂ ಮನೆಯಲ್ಲೇ ಉಳಿದಿದ್ದೇವೆ. ಅವಳ ಬದಲಿಗೆ ಅಳಿಲು ಕೂರುತ್ತಾಳಂತೆ. ನಮ್ಮಲ್ಲಿ ಬಟ್ಟೆ ಇಸ್ತ್ರಿ ಮಾಡುವಾಕೆಯ ಮಗಳು. ಕಿಟಕಿ, ಕಂಬ, ಏನು ಕಂಡರೂ ಹತ್ತುವವಳು, ಅದಕ್ಕೇ ಆ ಹೆಸರು. ಅವಳ ತಾಯಿ ಆಗಲೇ ಫೋನ್ ಮಾಡಿದ್ದಳು: "ಅಕ್ಕಾ, ನಿಮ್ಮ ಮಗೂಗೆ ಹುಷಾರಿಲ್ದಾಗ ನಾನು ಖುಷಿಪಡಬಾರದು. ಆದ್ರೂ ಕಾಲು ನೆಲದ ಮೇಲೆ ನಿಲ್ತಿಲ್ಲ ನೋಡಿ! ಅವಳಪ್ಪನ್ನ ಎಳ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸ್ತೀನಿ."

"ಒಳ್ಳೇದಾಗ್ಲಿ" ಎಂದೆ. ಅಷ್ಟೇ ಎಂದೆ.

ಆಟ ನಾಲ್ಕಕ್ಕೆ. ಈಗ ಮೂರಾಗುತ್ತಾ ಬಂತು. ನಿನಗೂ ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು "ಮೊದಲು ಫೋನ್ ಇಟ್ಟು ಓಡೇ" ಎನ್ನುತ್ತಿದ್ದೆ. ಪತ್ರ ನಿನ್ನ ಕೈ ಸೇರಲು ವಾರ ಬೇಕು. ಕಾಗದ ತೆಗೆದುಕೊಂಡು ಕೂರುವಾಗ ಇದು ನನಗೆ ಗೊತ್ತಿತ್ತು ಎಂದೇ ಕಾಣುತ್ತದೆ.

ಭಾವನಿಗೆ ನಮಸ್ಕಾರ. ಮಕ್ಕಳ ತಲೆ ಸವರಿದೆನೆಂದು ಹೇಳು. ಹತ್ತಿದಲ್ಲಿಂದೆಲ್ಲ ಕ್ಷೇಮವಾಗಿ ಇಳಿದು ಬರಲಿ ಅವರು.

ನಿನ್ನ
ತಂಗಿ

ಮತ್ತೊಂದು ಮಾತು: ಚಿನ್ನುಗೆ ಜ್ವರವಿಲ್ಲ, ಅಕ್ಕ. ಯಾರು ಕೇಳಿದರೂ ಜ್ವರ ಎನ್ನು ಎಂದು ನಾನೇ ಹೇಳಿಕೊಟ್ಟಿದ್ದೇನೆ. ಏಕೆಂದು ಅವಳು ಕೇಳಲಿಲ್ಲ. ಈಗ ಕಾಗದ ಮಡಚುತ್ತಿರುವಾಗ ಬಂದು, ನನ್ನ ಭುಜಕ್ಕೆ ಆತು ನಿಂತು ಕೇಳಿದಳು: "ಅಮ್ಮಾ, ಅಳಿಲಿಗೂ ಜ್ವರ ಅಂತ ಹೇಳ್ಬಿಡೋಣ್ವಾ?"