ಮಾಹಿತಿದಾರರು-1 ನನ್ನ ಅವ್ವ

ಬಹುಸಂಸ್ಕೃತಿ ಮನೋವಿಜ್ಞಾನ ಮತ್ತು ಸಾಮಾಜಿಕ ನ್ಯಾಯ ಸಮ್ಮೇಳನದ ಪ್ರಬಂಧ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಅವ್ವ ನನಗೆ ಏನೂ ಆಗಬೇಕಾದವಳಲ್ಲ ಎಂಬಂತೆ ಬರೆದುಕೊಟ್ಟರೆ, ಹಾಸನದಲ್ಲಿ ನಡೆಯುವ ನಿಮ್ಮ ಸಮ್ಮೇಳನದಲ್ಲಿ ಹದಿನೈದು ನಿಮಿಷ ಮಾತಾಡಬಹುದು ಎಂದು ತಾವು ನನಗೆ ಇ-ಮೇಲ್ ಕಳಿಸಿದ್ದೀರಿ. ಇಷ್ಟು ಉದಾರವಾದ ಪತ್ರಕ್ಕೆ ಗುಟ್ಟಾಗಿ ಉತ್ತರಿಸುವುದು ತಪ್ಪಾಗುತ್ತದೆ. ಆದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಅರಕಲಗೂಡಿನ ಒಂದು ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ಎಂಟು ವರ್ಷ ಉಳಿದ ನೆಂಟರನ್ನು ನಮ್ಮ ಕಡೆ ಯಾರೂ ಅತಿಥಿ ಎನ್ನುವುದಿಲ್ಲ, ಇರಲಿ. ನನ್ನ ಅವ್ವ ಲಕ್ಷ್ಮಿದೇವಮ್ಮ ಕೊಣನೂರಿನಿಂದ ಬಸ್ಸು ಹತ್ತಿ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಾಳೆ. ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆಬೇರೆ ಮಾಡುವುದು ಅವಳ ಕೂಲಿ. ನಾವಿಬ್ಬರೂ ಸೇರಿ ನಿಮಗೊಂದು ಪ್ರಸ್ತಾವನೆ ಕಳಿಸಿದೆವು. ವಿಷಯ ದೊಡ್ಡದೇನಲ್ಲ. 'ಊರಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ?' ಎಂಬ ಪ್ರಶ್ನೆ ಮನುಷ್ಯರ ಮನಸ್ಸಿಗೆ ಏನು ಮಾಡುತ್ತದೆ ಎಂಬುದು.

ನಮ್ಮ ಜಿಲ್ಲೆಯಲ್ಲಿ ಜಾತಿ ಕೇಳುವುದು ಅಸಭ್ಯ. ಓದಿದವರಂತೂ ಕೇಳುವುದೇ ಇಲ್ಲ. ಮೊದಲು ಊರು ಕೇಳುತ್ತಾರೆ, ಆಮೇಲೆ ಊರಲ್ಲಿ ಮನೆ ಎಲ್ಲಿ ಎನ್ನುತ್ತಾರೆ. ಬೀದಿಯ ಹೆಸರು ಬಾಯಿಂದ ಬಿದ್ದರೆ ಸಾಕು, ಕುಡಿಯಲು ನೀರು ಯಾವ ಲೋಟದಲ್ಲಿ ಕೊಡಬೇಕು ಎಂಬುದು ಅವರಿಗೆ ಗೊತ್ತಾಗುತ್ತದೆ.

ಎಂ.ಎ. ಓದುವಾಗ ನಾನು ಹಾಸನದಲ್ಲಿ ಬಾಡಿಗೆ ಕೋಣೆ ಹುಡುಕಿದ್ದೆ. ಮನೆಯೊಡತಿಯ ನಿಜವಾದ ಹೆಸರು ಬೇಡ, ಜಯಲಕ್ಷ್ಮಮ್ಮ ಎಂದಿಟ್ಟುಕೊಳ್ಳಿ. ಒಳ್ಳೆಯ ಹೆಂಗಸು. ಅವರು ಈ ಪ್ರಶ್ನೆ ಕೇಳಿದಾಗ ನಾನು 'ದೇವಸ್ಥಾನದ ಬೀದಿ' ಎಂದೆ. ನಮ್ಮ ಮನೆಯಿಂದ ದೇವಸ್ಥಾನದ ಬೀದಿಗೆ ಎಷ್ಟು ದೂರ ಎಂಬುದನ್ನು ನೀವು ಕಿಲೋಮೀಟರಿನಲ್ಲಿ ಅಳೆಯುತ್ತೀರಿ, ನಾವು ತಲೆಮಾರುಗಳಲ್ಲಿ ಅಳೆಯುತ್ತೇವೆ. ನಾಲ್ಕು ತಿಂಗಳು ಸುಖವಾಗಿದ್ದೆ. ಆಮೇಲೊಂದು ದಿನ ಅವ್ವ ಹೇಳದೆ ಕೇಳದೆ ರಾಗಿಹಿಟ್ಟು, ಅವರೆಕಾಯಿ ತುಂಬಿದ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಕೈಬೆರಳಲ್ಲಿ ಹೊಗೆಸೊಪ್ಪಿನ ಕಪ್ಪು ಅಂಟು, ಕಾಲಲ್ಲಿ ಹವಾಯಿ ಚಪ್ಪಲಿ.

"ಯಾರಮ್ಮ ಇವ್ರು?" ಎಂದರು ಜಯಲಕ್ಷ್ಮಮ್ಮ.

"ನಮ್ಮ ಮನೆ ಕೆಲಸದವರು ಆಂಟಿ. ಅಮ್ಮ ಕಳಿಸಿದ್ದಾರೆ" ಎಂದೆ ನಾನು.

ಅವ್ವ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ "ಊಂ ಕಣ್ರವ್ವ, ಅಮ್ಮೋರು ಕಳ್ಸವ್ರೆ" ಎಂದಳು. ಜಯಲಕ್ಷ್ಮಮ್ಮ ಕಾಗದದ ಲೋಟದಲ್ಲಿ ಕಾಫಿ ತಂದು ಮೆಟ್ಟಿಲ ಮೇಲಿಟ್ಟರು. ಅವ್ವ ಕುಡಿದು, ಲೋಟವನ್ನು ತಾನೇ ಹೊರಗೆ ಎಸೆದು, ಹೊರಡುವಾಗ ನನ್ನತ್ತ ತಿರುಗಿ "ಬತ್ತೀನಿ ಕಣ್ರವ್ವ, ಚೆನ್ನಾಗಿ ಓದ್ಕಳಿ" ಎಂದಳು. ಹೆತ್ತ ಮಗಳಿಗೆ ಬಹುವಚನ. ನನ್ನ ಸುಳ್ಳು ಗಟ್ಟಿಯಾಗಿ ನಿಲ್ಲಲಿ ಎಂದು ಅವಳು ಕೊಟ್ಟ ಗೌರವ ಅದು. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹತ್ತು ವರ್ಷ ನಾವಿಬ್ಬರೂ ಆ ಮಾತೆತ್ತಲಿಲ್ಲ. ನಿಮ್ಮ ಸಮ್ಮೇಳನದ ಪ್ರಕಟಣೆ ನೋಡಿದಾಗ ನಾನೇ ಎತ್ತಿದೆ. ಅದೇ ಊರಲ್ಲಿ, ಮೈಕಿನ ಮುಂದೆ, ಇವಳು ನನ್ನ ಅವ್ವ ಎಂದು ಹೇಳುತ್ತೇನೆ. ಆ ದಿನ ನಿನಗೆ ಏನಾಯಿತೆಂದು ನೀನೂ ಹೇಳು ಎಂದೆ. ಅವಳು ಸೊಪ್ಪು ವಿಂಗಡಿಸುತ್ತಲೇ ಹೇಳಿದಳು, ನಾನು ಬರೆದುಕೊಂಡೆ. ನಿಮ್ಮ ಫಾರಂ ಕೇಳಿದ್ದು ಇನ್ನೂರೈವತ್ತು ಪದಗಳ ಸಾರಾಂಶ, ಐದು ಸೂಚಕ ಪದ, ಮೂರು ಕಲಿಕೆಯ ಉದ್ದೇಶ, ಸಾಮಾಜಿಕ ನ್ಯಾಯಕ್ಕೆ ಈ ಮಂಡನೆಯ ಕೊಡುಗೆ ಐವತ್ತು ಪದ ಮೀರದಂತೆ, ಎಲ್ಲವೂ ಇಂಗ್ಲಿಷಿನಲ್ಲಿ. ನ್ಯಾಯ ಐವತ್ತೊಂದನೆಯ ಪದಕ್ಕೆ ಕಾಲಿಟ್ಟರೆ ನಿಮ್ಮ ಫಾರಂ ಮುಂದಕ್ಕೇ ಹೋಗುವುದಿಲ್ಲ. "ಸೊಪ್ಪಾದ್ರೆ ಬಣ್ಣ ನೋಡಿ ಗ್ರೇಡ್ ಮಾಡ್ತೀವಿ. ಇವ್ರು ಏನ್ ನೋಡಿ ಮಾಡ್ತಾರವ್ವ?" ಎಂದು ಅವ್ವ ಕೇಳಿದಳು. ಹೆಸರು ಮುಚ್ಚಿಟ್ಟು ಬರಹ ಮಾತ್ರ ನೋಡುತ್ತಾರೆ, ಅಲ್ಲಿ ಭೇದಭಾವ ಇಲ್ಲ ಎಂದು ನಾನು ದೊಡ್ಡದಾಗಿ ಹೇಳಿದೆ.

ಪ್ರಸ್ತಾವನೆ ಕಳಿಸಿದ ಮೂರನೇ ವಾರ ನಿಮ್ಮ ಕಾರ್ಯದರ್ಶಿ ಕೀರ್ತಿರಾಜ್ ಅವರ ಫೋನ್ ಬಂತು. "ಮೇಡಂ, ಅಬ್‌ಸ್ಟ್ರಾಕ್ಟ್ ಸೂಪರ್. ಸೆಷನ್‌ಗೆ ಹಾಕೋಕೆ ಒಂದ್ ಸಣ್ಣ ಮಾಹಿತಿ ಬೇಕಿತ್ತು. ನಿಮ್ದು ಕೊಣನೂರಾ? ಕೊಣನೂರಲ್ಲಿ ಮನೆ ಎಲ್ ಬತ್ತದೆ?"

ಅಧ್ಯಕ್ಷರೇ, ಆ ಮನುಷ್ಯ ಪ್ರಸ್ತಾವನೆಯ ಶೀರ್ಷಿಕೆ ಓದಿ, ಅದನ್ನೇ ನನಗೆ ಪ್ರಶ್ನೆಯಾಗಿ ಕೇಳಿದರು. ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಇದನ್ನು ಏನೆಂದು ಕರೆಯುತ್ತೀರಿ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ಸಾಕಾಗುವುದಿಲ್ಲ. ನಿಮ್ಮವರು ಶಾಸ್ತ್ರ ಹೇಳುವ ಬಾಯಲ್ಲೇ ಬದನೆಕಾಯಿ ಇಟ್ಟುಕೊಂಡಿದ್ದರು. ಈ ಸಲ ನಾನು ನಿಜವಾದ ಬೀದಿಯನ್ನೇ ಹೇಳಿದೆ. "ಓ, ಓಕೆ ಓಕೆ, ತುಂಬಾ ಒಳ್ಳೇದಾಯ್ತು ಮೇಡಂ" ಎಂದು ಫೋನಿಟ್ಟರು. ಯಾರಿಗೆ ಒಳ್ಳೆಯದಾಯಿತೋ ತಿಳಿಯಲಿಲ್ಲ.

ಆಮೇಲೆ ನಿಮ್ಮ ಇ-ಮೇಲ್ ಬಂತು. ಮೌಲ್ಯಮಾಪಕರೊಬ್ಬರಿಗೆ ನಮ್ಮ ಬರಹ ಹೃದಯಸ್ಪರ್ಶಿ ಎನಿಸಿದೆಯಂತೆ. ಹೃದಯ ಮುಟ್ಟಿಸಿಕೊಳ್ಳುವುದಕ್ಕೆ ಅವರ ಅಭ್ಯಂತರವಿಲ್ಲ ಎಂದು ತಿಳಿದು ಸಮಾಧಾನವಾಯಿತು. ಷರತ್ತು ಎರಡೇ. ಒಂದು, ವಿದ್ಯಾರ್ಹತೆ ಇಲ್ಲದ ಸಹಲೇಖಕಿಯ ಹೆಸರು ತೆಗೆದು 'ಮಾಹಿತಿದಾರರು-1' ಎಂದು ಬರೆಯಬೇಕು. ಎರಡು, ಆಕೆ ಮಂಡನಕಾರರ ತಾಯಿ ಎಂಬುದನ್ನು ಎಲ್ಲಿಯೂ ಹೇಳಕೂಡದು. ಹೇಳಿದರೆ ಅಧ್ಯಯನದ ವಸ್ತುನಿಷ್ಠತೆಗೆ ಧಕ್ಕೆ. ಮಾಹಿತಿದಾರರು ಬರುವುದಾದರೆ, ಸ್ಥಳೀಯ ಸಮುದಾಯದವರಿಗಾಗಿ ಸಭಾಂಗಣದ ಹೊರಗೆ ಶಾಮಿಯಾನ ಹಾಕಿ ನೇರಪ್ರಸಾರದ ವ್ಯವಸ್ಥೆ ಮಾಡಲಾಗಿದೆ.

ಜಯಲಕ್ಷ್ಮಮ್ಮನವರು ಓದಿದ್ದು ಏಳನೇ ಕ್ಲಾಸು. ಅವರು ಅವ್ವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದು ನನ್ನ ಸುಳ್ಳನ್ನು ನಂಬಿ. ನಿಮ್ಮ ಮುಂದೆ ಪೂರ್ತಿ ನಿಜ ಇತ್ತು, ಅದೂ ನೀವೇ ಕೇಳಿದ ಫಾರಂನಲ್ಲಿ. ಅದನ್ನು ಓದಿಯೂ ನೀವು ಅವಳಿಗೆ ಜಾಗ ಹುಡುಕಿದ್ದು ಹೊರಗೇ. ಇದಕ್ಕೆ ಪಿಎಚ್.ಡಿ. ಬೇಕಾಯಿತೇ?

ಇಲ್ಲಿಗೆ ನಿಲ್ಲಿಸಿದರೆ ನಾನು ಸಾಚಾ, ನೀವು ಕೆಟ್ಟವರು ಎಂದಾಗುತ್ತದೆ. ಓದುವವರಿಗೂ ಹಿತ. ಆದರೆ ನಿಮ್ಮ ಇ-ಮೇಲ್ ಬಂದದ್ದು ಬೆಳಿಗ್ಗೆ ಹತ್ತೂವರೆಗೆ, ನಾನು 'ಷರತ್ತುಗಳಿಗೆ ಒಪ್ಪಿಗೆಯಿದೆ' ಎಂಬುದನ್ನು ಒತ್ತಿದ್ದು ಹನ್ನೊಂದಕ್ಕೆ. ಕಾಯಂ ಹುದ್ದೆಗೆ ಅರ್ಜಿ ಹಾಕುವಾಗ ನಿಮ್ಮ ಸಮ್ಮೇಳನದ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಎರಡನೇ ಸಲ ಅವ್ವನನ್ನು ಅಲ್ಲಗಳೆಯಲು ನನಗೆ ಬೇಕಾದದ್ದು ಅರ್ಧ ಗಂಟೆ. ಮೊದಲ ಸಲ ಅಷ್ಟೂ ಬೇಕಾಗಿರಲಿಲ್ಲ, ಅಷ್ಟರಮಟ್ಟಿಗೆ ಸುಧಾರಿಸಿದ್ದೇನೆ.

ಸಂಜೆ ಅವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ. "ಆವತ್ತು ಕೆಲ್ಸದೋಳು ಅಂದೆ, ಈಗ ಅದೇನೋ ಮಾಹಿತಿ ಅಂತೀಯ. ಬಡ್ತಿ ಸಿಕ್ತು ಅನ್ಕತೀನಿ ಬುಡವ್ವ" ಎಂದು ನಕ್ಕಳು. ಆಮೇಲೆ, "ನಿಂಗೆ ಒಳ್ಳೇದಾಯ್ತದೆ ಅಂದ್ರೆ ಅಂಗೇ ಯೋಳು. ನಾನು ಮೊದ್ಲೂ ಸುಮ್ಕಿರ್ನಿಲ್ವಾ?" ಎಂದಳು. ಸಮ್ಮೇಳನಕ್ಕೆಂದು ಇಸ್ತ್ರಿ ಮಾಡಿಸಿ ಗೂಟಕ್ಕೆ ತೂಗುಹಾಕಿದ್ದ ಸೀರೆಯನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಇದು. ಹನ್ನೊಂದು ಗಂಟೆಗೆ ಕೊಟ್ಟ ಆ ಒಪ್ಪಿಗೆಯನ್ನು ರದ್ದು ಮಾಡಿ. ಕಾರ್ಯಕ್ರಮದ ಪಟ್ಟಿಯಲ್ಲಿ ಲಕ್ಷ್ಮಿದೇವಮ್ಮ ಎಂದು ಅಚ್ಚು ಹಾಕಿಸಿ, ಪಕ್ಕದಲ್ಲಿ ತಾಯಿ ಎಂದು ಬರೆಯಿಸಿ, ವೇದಿಕೆಯ ಮೇಲೆ ಅವಳ ಭಾಷೆಯಲ್ಲಿ ಮಾತಾಡಲು ಬಿಡಿ. ಆಗುವುದಿಲ್ಲವಾದರೆ ಪ್ರಸ್ತಾವನೆಯನ್ನು ತಿರಸ್ಕರಿಸಿ; ತಾಯಿಯನ್ನು ತಾಯಿ ಎಂದದ್ದೇ ಕಾರಣವೆಂದು ಬರೆದು, ನಿಮ್ಮ ಸಹಿ, ಮೊಹರು ಹಾಕಿ ಕಳಿಸಿ.

ನೀವು ಏನೇ ಮಾಡಿ, ಆ ದಿನ ನಾವಿಬ್ಬರೂ ಬರುತ್ತೇವೆ. ಬಾಗಿಲಲ್ಲಿ ನಿಮ್ಮವರು ಯಾರಾದರೂ ಇವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ಅವ್ವ ನನ್ನ ಮುಖ ನೋಡುತ್ತಾಳೆ. ಮಗಳು ಈ ಸಲವಾದರೂ ನಿಜ ಹೇಳುತ್ತಾಳೆಂಬ ನಂಬಿಕೆ ಅವಳಿಗಿಲ್ಲ. ಸತ್ಯವಾಗಿ ಹೇಳುತ್ತೇನೆ, ನನಗೂ ಪೂರ್ತಿ ಇಲ್ಲ. ಅದಕ್ಕೇ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಎಲ್ಲರೆದುರು ಬರೆದುಕೊಟ್ಟಿದ್ದೇನೆ.

ಇಂತಿ,
ನಿಮ್ಮ ಷರತ್ತಿಗೆ ಅರ್ಧ ಗಂಟೆಯಲ್ಲಿ ಒಪ್ಪಿದವಳು,
ಕವನಾ
ಲಕ್ಷ್ಮಿದೇವಮ್ಮನ ಮಗಳು