ಮಾಸು ಹೂಳಗೊಡದ ಜಗಳ

ಗಂಗಕ್ಕಾ,

ತಿಂಗಳಿಗೊಮ್ಮೆ ಬಸುರಿಯ ಹೊಟ್ಟೆಯನ್ನು ಟೇಪಿನಿಂದ ಅಳೆಯುತ್ತೇವೆ ಅಂದಿದ್ದರು. ಅಳೆಯಲಿಲ್ಲ. ಕೂಸು ಬೆಳೆಯುತ್ತಿಲ್ಲವೆಂಬ ಅನುಮಾನ ಬಂದರೆ ಸ್ಕ್ಯಾನ್ ಮಾಡುತ್ತೇವೆ ಅಂದಿದ್ದರು. ಅನುಮಾನವನ್ನೇ ಪಡಲಿಲ್ಲ. ಹುಟ್ಟಿದ ಮೇಲೆ ತೊಂದರೆ ಕಂಡರೆ ಕೈಕಾಲಿಗೆ ವ್ಯಾಯಾಮ ಮಾಡಿಸುವವರನ್ನು ಕೊಡುತ್ತೇವೆ ಅಂದಿದ್ದರು. ಆ ಕುರ್ಚಿ ಇನ್ನೂ ಖಾಲಿ. ಹೆರಿಗೆ ಆಸ್ಪತ್ರೆಗೆ ಮೋರ್ಚಾ ಒಯ್ದು, ಗೇಟಿಗೆ ಅಡ್ಡ ಕೂತು ನೀನೇ ಅವರ ಬಾಯಿಂದ ಹೊರಡಿಸಿದ ಮಾತುಗಳಿವು. ನೀನು ಹೋದ ಮೇಲೂ ಮಾತುಗಳಾಗಿಯೇ ಉಳಿದಿವೆ.

ಶೋಭಾಳ ಸೀಮಂತದ ಕುಬಸ ನೆನಪಿದೆಯೇ? ಕೋಥರೂಡದ ನಿನ್ನ ಮನೆಯಲ್ಲಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸಿದ್ದೆ. ದೌಂಡದಿಂದ ಬಂದ ನಿನ್ನ ಬೀಗತಿ, "ಏಳ ತಿಂಗಳಂತ ಯಾರ ಅಂತಾರ್ರಿ? ಹೊಟ್ಟಿ ಎಷ್ಟ ಚೊಕ್ಕ ಅದ! ಹಗೂರ ಹಡೀತಾಳ" ಅಂದರು. ಹೆಂಗಸರೆಲ್ಲ ಹೌದು ಹೌದು ಅಂದೆವು. ದೇವರನ್ನೂ ಪ್ರಶ್ನೆ ಕೇಳದೆ ಬಿಡದ ನೀನು ಎದ್ದು ದೃಷ್ಟಿ ತೆಗೆದೆ. ಆ ಸಣ್ಣ ಹೊಟ್ಟೆಯೊಳಗೆ ಕೂಸು ಅರೆಹೊಟ್ಟೆಯಲ್ಲಿದೆ ಎಂದು ಯಾರಿಗೆ...

ಹೆರಿಗೆಯ ದಿನ ಬೀಗತಿ ಮಾಸು ಕೇಳಿದರು. ಅವರ ಮನೆತನದ ರೂಢಿ, ದೌಂಡದ ಹಿತ್ತಲಲ್ಲಿ ಹೂಳಬೇಕು. ನೀನು ಬಾಗಿಲಿಗೆ ಅಡ್ಡ ನಿಂತೆ. "ಕೊಡಬ್ಯಾಡ್ರಿ! ಕೂಸು ಇಷ್ಟ ಸಣ್ಣದ್ಯಾಕ ಆತು? ಇಷ್ಟದಿನ ಅದಕ್ಕ ಊಟಾ ಹಾಕಿದ್ದು ಈ ಮಾಸು. ಅದನ್ನ ಕೇಳದ ಹೂಳೂದೇನು?"

"ಮಾಸಿಗೂ ಪಂಚನಾಮಾ ಮಾಡಸ್ತೀರೇನ್ರಿ?" ಅಂದರು ಬೀಗತಿ.

"ಹೌದ್ರಿ, ಮಾಡಸ್ತೀನಿ!"

ಮಾಡಿಸಿದೆ. ತಪಾಸಣೆಗೆ ಕಳಿಸುವವರೆಗೆ ಅಲ್ಲಿಂದ ಕದಲಲಿಲ್ಲ.

ಮರುದಿನ ಗಾಜಿನ ಪೆಟ್ಟಿಗೆಯೊಳಗೆ ಕೂಸಿಗೆ ಫಿಟ್ಸ್ ಬಂತು. ಮಿದುಳಿಗೆ ಪೆಟ್ಟಾಗಿದೆ ಅಂದರು. ಬೀಗತಿ ಎಲ್ಲರ ಮುಂದೆ, "ಬಸುರಿನ್ನ ಮೋರ್ಚಾಕ್ಕ ಕರಕೊಂಡ ಹೋದ್ರಿ. ಬಿಸಲಾಗ ಘೋಷಣಾ ಕೂಗಿಸಿದ್ರಿ. ಈಗ ನೋಡ್ರಿ" ಅಂದರು. ಪೊಲೀಸರಿಗೆ ಎದುರಾಡಿದ ನೀನು ಆವತ್ತು ನನ್ನ ಕೈ ಹಿಡಿದು, "ಬಾ ಅಂತ ಆಕೀನ್ನ ನಾನ ಕರದೆ..." ಅಂದೆ, ಅಷ್ಟೇ. ತಪಾಸಣೆಯ ಫಲ ಬರುವ ಮೊದಲೇ ನಿನ್ನ ಎದೆಬಡಿತ ನಿಂತಿತು.

ಫಲ ಬಂತು ಅಕ್ಕಾ. ಡಾಕ್ಟರಬಾಯಿ ಶೋಭಾಳನ್ನು, ಬೀಗತಿಯನ್ನು, ನನ್ನನ್ನು ಕೂರಿಸಿ ಹೇಳಿದರು. ಮಾಸು ಇರಬೇಕಾದ್ದಕ್ಕಿಂತ ಸಣ್ಣದು. ಅದರ ರಕ್ತನಾಳಗಳು ಅಲ್ಲಲ್ಲಿ ಕಟ್ಟಿಹೋಗಿದ್ದವು, ಕೆಲವು ಭಾಗ ಸತ್ತಿತ್ತು. ಇದು ಬಹಳ ವಾರಗಳಿಂದ ನಡೆದದ್ದು. ಕೂಸಿನ ಉಸಿರೂ ಅನ್ನವೂ ಆ ದಾರಿಯಲ್ಲೇ ಬರಬೇಕು. ದಾರಿ ಕಟ್ಟಿದರೆ ಕೂಸು ತನ್ನ ಬೆಳವಣಿಗೆ ತಡೆದು, ಇದ್ದ ರಕ್ತವನ್ನು ಮಿದುಳಿಗೆ ಹರಿಸಿ ಅದನ್ನು ಉಳಿಸಿಕೊಳ್ಳಲು ನೋಡುತ್ತದೆ. ಆ ತಾಕತ್ತಿಗೂ ಒಂದು ಮಿತಿ. ಹೆರಿಗೆ ನೋವಿನ ಹೊತ್ತಿಗೆ ತಡೆದುಕೊಳ್ಳಲು ಏನೂ ಉಳಿದಿರಲಿಕ್ಕಿಲ್ಲ. ಹೀಗೆ ಸಣ್ಣಗೆ ಹುಟ್ಟಿದ ಎಲ್ಲ ಕೂಸುಗಳಿಗೂ ಪೆಟ್ಟಾಗುವುದಿಲ್ಲ, ಇದೊಂದೇ ಕಾರಣವೆಂದು ಆಣೆ ಮಾಡಲಾರೆ ಅಂದರು. ಮೊದಲೇ ಗೊತ್ತಾಗಿದ್ದರೆ ಕಣ್ಣಿಟ್ಟು, ಬೇಕಾದರೆ ಬೇಗ ಹೆರಿಗೆ ಮಾಡಿಸಬಹುದಿತ್ತು ಅಂತಲೂ ಅಂದರು.

ಶೋಭಾ ಒಂದೇ ಮಾತು ಕೇಳಿದಳು: "ಮೋರ್ಚಾ?"

"ಮೋರ್ಚ್ಯಾಚಾ ಕಾಹೀ ಸಂಬಂಧ ನಾಹೀ," ಅಂದರು ಡಾಕ್ಟರಬಾಯಿ ಮರಾಠಿಯಲ್ಲಿ. ಏನೇನೂ ಸಂಬಂಧವಿಲ್ಲ. ಕೇಳಿಸಿತೇ ಅಕ್ಕಾ?

ಹೊರಗೆ ಬಂದ ಮೇಲೆ ಬೀಗತಿ, "ಆಕಿ ಜಗಳಾ ಮಾಡದಿದ್ರ ನಾ ಹೂತಬಿಡತಿದ್ದೆ. ತಪ್ಪೂ ಆಕೀ ತಲಿ ಮ್ಯಾಲ ಉಳೀತಿತ್ತು" ಅಂದರು. ಈಗ ಮೊಮ್ಮಗಳ ಬಿಗಿದ ಎಡಗೈಯನ್ನು ದಿನಾ ಬಿಡಿಸಿ ತಿಕ್ಕುವವರು ಅವರೇ. ಹುಡುಗಿ ನಗುತ್ತಾಳೆ. ಕತ್ತು ನಿಲ್ಲುತ್ತಿದೆ. ಉಳಿದದ್ದಕ್ಕೆ ಆ ಖಾಲಿ ಕುರ್ಚಿಯಲ್ಲಿ ಯಾರಾದರೂ ಕೂರಬೇಕು. ಬೇರೆ ಬಸುರಿಯರ ಹೊಟ್ಟೆಗೆ ಟೇಪು ಮುಟ್ಟಬೇಕು. ಆಡಿದ ಮಾತು ನಡೆಸಿಕೊಡದೆ ಎಲ್ಲಿಗೆ ಹೋಗುತ್ತಾರೆ?

ಈ ಸಲ ಮೋರ್ಚಾದಲ್ಲಿ ಶೋಭಾ ಮಾತಾಡುತ್ತಾಳೆ. ಬೀಗತಿ ಕೂಸನ್ನೆತ್ತಿಕೊಂಡು ದೌಂಡದ ಗಾಡಿಯಲ್ಲಿ ಬರುತ್ತಾರೆ. ಅದೇ ಗೇಟು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ.